ಒತ್ತಿ ಕೆಡಿಸಿದ್ದು ಯಾರು?

ಭಾನುವಾರ ಊರಿನಿಂದ ಬಂದಾಗಿನಿಂದ ಅಮ್ಮನ ಒಂದು ಮಾತು ಕಿವಿಯಲ್ಲೇ ಕೂತುಬಿಟ್ಟಿದೆ. "ನಾನೇ ಏನೋ ಒತ್ತಿ ಕೆಡಿಸಿಬಿಟ್ಟೆ ಅಂದುಕೊಂಡು ಸುಮ್ಮನಿದ್ದೆ ಕಣೇ."

ಯುಗಾದಿಗೆ ಹೋದಾಗ ನನ್ನ ಹಳೆಯ ಮೊಬೈಲಿಗೆ 200 ಹಾಡು ಇಳಿಸಿ ಕೊಟ್ಟು ಬಂದಿದ್ದೆ. ಅದರಲ್ಲಿ ಸಿಮ್ ಇಲ್ಲ. ಮೂಡಿಗೆರೆಯಿಂದಾಚೆ ನಮ್ಮ ಮನೆಯಲ್ಲಿ, ಅದೂ ಮಳೆಗಾಲದಲ್ಲಿ, ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಳಿಸಿಟ್ಟ ಹಾಡಿಗೆ ನೆಟ್ ಏತಕ್ಕೆ ಎಂಬ ಧೈರ್ಯ ನನಗೆ. ನಾನು ದುಡ್ಡು ಕಟ್ಟುವ ಆ್ಯಪ್ 30 ದಿನಕ್ಕೊಮ್ಮೆಯಾದರೂ ನೆಟ್ ಕಾಣದಿದ್ದರೆ ಇಳಿಸಿದ್ದಕ್ಕೂ ಬೀಗ ಜಡಿಯುತ್ತದಂತೆ. ಆ ನಿಯಮವನ್ನು ನಾನು ಓದಿರಲಿಲ್ಲ. ಯಾರು ಓದುತ್ತಾರೆ? ಯುಗಾದಿ ಕಳೆದು ಒಂದು ತಿಂಗಳಿಗೇ ಹಾಡು ನಿಂತಿದೆ. ಅಮ್ಮ ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾಳೆ. ಅಷ್ಟು ಸಲ ಫೋನಿನಲ್ಲಿ ಮಾತಾಡಿದರೂ ಒಂದು ಮಾತು ಹೇಳಿಲ್ಲ.

ನಿಯಮ ವಿವರಿಸಿದೆ. "ದುಡ್ಡು ಕೊಟ್ಟಿಲ್ಲವೇನೇ?" ಎಂದಳು. ತಿಂಗಳು ತಿಂಗಳೂ ಕೊಡುತ್ತೇನೆ ಎಂದೆ. "ಹಾಗಾದರೆ ಮದುವೆಮನೆಯ ಬಾಡಿಗೆ ಪಾತ್ರೆ ಅನ್ನು." ಭಾವನಿಗೆ ಫೋನಿನಲ್ಲಿ ಹೇಳಿದರೆ, "ವೈಫೈ ಹಾಕಿಸಿ, ಮುಗಿಯಿತು" ಎಂದು ನಕ್ಕರು. ಒಳ್ಳೆಯವರೇ. ಆದರೆ ಬೆಂಗಳೂರಿನಲ್ಲಿ ಕೂತವರಿಗೆ ಕಂಬ ಬಿದ್ದು ಮೂರು ದಿನ ಕರೆಂಟಿಲ್ಲದ ಮನೆ ಅರ್ಥವಾಗುವುದಿಲ್ಲ.

ಇದೇ ಅಮ್ಮ ಟೇಪ್ ರೆಕಾರ್ಡರಿಗೆ ಹೆದರಿದವಳಲ್ಲ. ಕ್ಯಾಸೆಟ್ಟು ಕೆಟ್ಟರೆ ಕೆಟ್ಟದ್ದು ಎದುರಿಗೇ ಕಾಣುತ್ತಿತ್ತು. ಕಂದು ಟೇಪು ರೋಲರಿಗೆ ಸುತ್ತಿಕೊಂಡು ಜಗ್ಗಿದರೆ ಕರುಳಿನ ಹಾಗೆ ಹೊರಬರುತ್ತಿತ್ತು. ಅಮ್ಮ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದಳು, ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ ಒರೆಸುತ್ತಿದ್ದಳು. ಒಮ್ಮೆ ಮುದುಡಿಹೋದ ಬೆರಳುದ್ದ ಟೇಪನ್ನು ಕತ್ತರಿಸಿ, ತುದಿಗೆ ತುದಿ ಸೇರಿಸಿ ಗಮ್ ಟೇಪು ಅಂಟಿಸಿದ್ದಳು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಆ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಬೆರಳುದ್ದ ಹೋದರೆ ಸುಮಾರು ಒಂದೂವರೆ ಸೆಕೆಂಡಿನ ಹಾಡು ಹೋದ ಹಾಗೆ. ಪಲ್ಲವಿಯ ಒಂದು ಪದ ಹಾರಿಹೋಯಿತು. ಅಮ್ಮ ಈಗಲೂ ಒಗ್ಗರಣೆ ಹಾಕುತ್ತ ಆ ಹಾಡು ಗುನುಗಿದರೆ ಆ ಪದ ಬಿಟ್ಟೇ ಹಾಡುತ್ತಾಳೆ.

ಕತ್ತರಿ ಹಿಡಿದು ಹಾಡನ್ನೇ ಕೂಡಿಸಿದ ಕೈಗೆ ಗಾಜಿನ ಮೇಲೆ ಬೆರಳಿಡಲು ಅಂಜಿಕೆ ಹುಟ್ಟಿಸಿದ್ದೇವಲ್ಲ! ಪರದೆಯ ಮೇಲೆ ಹಾಡಿನ ಹೆಸರುಗಳು ಬೂದಿಬಣ್ಣಕ್ಕೆ ತಿರುಗಿ ನಿಂತಿದ್ದವು, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಅದರಲ್ಲಿ ತಪ್ಪು ಯಾರದೆಂದು ಅವಳು ಹುಡುಕುವುದಾದರೂ ಎಲ್ಲಿ? ತನ್ನದೇ ಎಂದುಕೊಂಡಳು. ಬ್ಯಾಂಕಿನ ಯಂತ್ರ ಕಾರ್ಡ್ ಉಗುಳಿದಾಗಲೂ ಅವಳು ಹೀಗೇ ಪೆಚ್ಚಾಗಿ ನಿಂತಿದ್ದನ್ನು ಕಂಡಿದ್ದೇನೆ. ಆಗ ನಾನೇ ನಕ್ಕಿದ್ದೆ.

ಅಂಗಳ ದಾಟಿ ಹಲಸಿನ ಮರದ ಹತ್ತಿರ ಹೋದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಕೊಡೆ ಹಿಡಿದು ನಿಂತು, ನನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಹಾಡುಗಳನ್ನು ಬಿಡಿಸಿಕೊಂಡು ಬಂದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡಳು. ಪರದೆಯ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು.

"ನೀನೇ ಒತ್ತಿಕೊಡು" ಎಂದಳು.