ಹಳಿ ಒರೆಸುವ ಭಾನುವಾರ

ಮಂಗಳೂರಿನ ಮಳೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ನಮ್ಮ ಆಟಿಕೆ ರೈಲಿನ ಹಳಿ ಬಿಡ್ತದಾ? (ಆಟಿಕೆ ಅಂದರೆ ಗೆಳೆಯರಿಗೆ ಸಿಟ್ಟು, ಮಾಡೆಲ್ ಅನ್ನಬೇಕಂತೆ.) ಇವತ್ತು ಕದ್ರಿಯ ಗೆಳೆಯನ ಮನೆ ಉಪ್ಪರಿಗೆಯಲ್ಲಿ ಮೂವರೂ ಕೂತು, ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದ್ದೇ ಒರೆಸಿದ್ದು. ಎಚ್‌ಒ ಸ್ಕೇಲು, ಅಂದರೆ ಅಸಲಿ ರೈಲಿನ 87ನೇ ಒಂದು ಭಾಗ. ಎರಡು ಹಳಿಗಳ ನಡುವೆ ಬರೀ 16.5 ಮಿಲಿಮೀಟರ್. ಇಂಜಿನ್‌ಗೆ ಕರೆಂಟು ಬರುವುದು ಹಳಿಯಿಂದಲೇ, ಹಾಗಾಗಿ ಸ್ವಲ್ಪ ಕಪ್ಪು ಕೂತರೂ ಅದು ಶಿರಾಡಿ ಘಾಟಿಯಲ್ಲಿ ಕೆಟ್ಟ ಲಾರಿಯ ಹಾಗೆ ನಿಂತುಬಿಡುತ್ತದೆ.

ಕೊನೆಗೂ ಓಡಿತು. ಥರ್ಮೋಕೋಲ್ ಸುರಂಗದೊಳಗೆ ಹೋಯಿತು, ಹೊರಗೆ ಬರಲೇ ಇಲ್ಲ. ಬಗ್ಗಿ ನೋಡಿದರೆ ಹಳಿ ಮೇಲೆ ಗೋಳಿಬಜೆ ತುಂಡು! ಯಾರದ್ದು ಅಂತ ಒಬ್ಬನೂ ಒಪ್ಪಲಿಲ್ಲ.

ಇಷ್ಟು ವರ್ಷದಲ್ಲಿ ಓಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ ಅಲ್ವಾ ಅಂದೆ. ಯಾರೂ ತಲೆ ಎತ್ತಲಿಲ್ಲ. ಎಣ್ಣೆ ಒರೆಸುತ್ತಿದ್ದರು.