ದುಡ್ಡೂ ಇಲ್ಲ, ಕಪ್ಪೂ ಇಲ್ಲ, ಮತ್ತೆ ಯಾಕೆ ಈ ಪೈಪೋಟಿ?

ನನ್ನ ಕಂಪ್ಯೂಟರ್ ರಾತ್ರಿಯೆಲ್ಲ ಯಾರದೋ ಸಂಶೋಧನೆಗೆ ಲೆಕ್ಕ ಮಾಡಿಕೊಡುತ್ತದೆ ಅಂದರೆ ಜನ ಒಳ್ಳೆಯ ಕೆಲಸ ಬಿಡಿ ಅನ್ನುತ್ತಾರೆ. ಆದರೆ ಅದಕ್ಕೊಂದು ತಂಡ ಇದೆ, ತಂಡಕ್ಕೆ ಅಂಕ ಇದೆ, ಈ ವಾರ ಇಂಥವರನ್ನು ಹಿಂದೆ ಹಾಕಬೇಕು ಅಂದ ಕೂಡಲೇ ಮುಖ ಬದಲಾಗುತ್ತದೆ. ಸೇವೆ ಅಂದ ಮೇಲೆ ಸುಮ್ನೆ ಮಾಡಬಾರದಾ, ಪೈಪೋಟಿ ಯಾಕೆ?

ಗೊತ್ತಿಲ್ಲದವರಿಗೆ ಎರಡು ಮಾತು. ಬೋಯಿಂಕ್ ಅನ್ನೋ ಪ್ರೋಗ್ರಾಂ ಹಾಕಿಕೊಂಡರೆ ಅದು ದೊಡ್ಡ ಲೆಕ್ಕದ ಒಂದು ಚೂರನ್ನು ಇಳಿಸಿಕೊಂಡು, ಕಂಪ್ಯೂಟರ್ ಖಾಲಿ ಇದ್ದಾಗ ಮಾಡಿ, ಉತ್ತರ ವಾಪಸ್ ಕಳಿಸುತ್ತದೆ. ಸೆಕೆಂಡಿಗೆ ನೂರು ಕೋಟಿ ಲೆಕ್ಕ ಮಾಡುವ ಯಂತ್ರ ಒಂದು ದಿನ ಪೂರ್ತಿ ಓಡಿದರೆ 200 ಅಂಕ, ಅದು ಮೂಲ ಅಳತೆ. ಆ ಅಂಕದಿಂದ ಒಂದು ಟೀ ಕೂಡ ಬರಲ್ಲ.

ಹಾಗಾದರೂ ಬೇಕು. ಯಾಕೆಂದರೆ ಈ ಕೆಲಸದಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಅನ್ಯಗ್ರಹದವರ ಸುಳಿವು ಹುಡುಕುವ ಸೆಟಿ ಅಟ್ ಹೋಮ್ ಅನ್ನೋ ಪ್ರಾಜೆಕ್ಟ್ 1999ರ ಮೇ ತಿಂಗಳಲ್ಲಿ ಶುರುವಾಗಿ 2020ರ ಮಾರ್ಚ್ ಕೊನೆಯವರೆಗೆ ಜನರಿಗೆ ಕೆಲಸ ಹಂಚಿತು, ಪೋರ್ಟೊ ರಿಕೊದ ಅರೆಸಿಬೋ ದೂರದರ್ಶಕ ಹಿಡಿದ ರೇಡಿಯೋ ಸದ್ದನ್ನು ಲಕ್ಷಾಂತರ ಮನೆಗಳ ಕಂಪ್ಯೂಟರ್‌ಗಳು ಸೋಸಿದವು, ಅನ್ಯಗ್ರಹದವರು ಮಾತ್ರ ಸಿಗಲಿಲ್ಲ. ಇಪ್ಪತ್ತು ವರ್ಷ ಜನರನ್ನು ಹಿಡಿದಿಟ್ಟದ್ದು ಬರೀ ವಿಜ್ಞಾನದ ಪ್ರೀತಿ ಅಂತ ನಾನು ನಂಬುವುದಿಲ್ಲ. ನಾಟಿ ಗದ್ದೆಯಲ್ಲಿ ಪಕ್ಕದ ಸಾಲಿನವರು ಮುಂದೆ ಹೋದರೆ ನಮ್ಮ ಕೈ ತಾನಾಗೇ ಚುರುಕಾಗುತ್ತದಲ್ವಾ, ಅಷ್ಟೇ ಇದು. ಎರಡೂ ಸಾಲು ಮುಗಿದರೆ ಗದ್ದೆಯವನಿಗೆ ಲಾಭ.

ಇದರ ದೊಡ್ಡ ಹಬ್ಬ ಅಂದರೆ ಬೋಯಿಂಕ್ ಪೆಂಟಾಥ್ಲಾನ್, ತಂಡಗಳ ನಡುವೆ ಐದು ಆಟಗಳ ಪಂದ್ಯ. ಸೆಟಿ ಜರ್ಮನಿ ಅನ್ನೋ ತಂಡದವರು 2010ರಿಂದ, ಸಾಮಾನ್ಯವಾಗಿ ಮೇ ತಿಂಗಳಲ್ಲಿ, ನಡೆಸುತ್ತಾ ಬಂದಿದ್ದಾರೆ. ಹೆಸರುಗಳೆಲ್ಲ ಓಟದ ಮೈದಾನದ್ದು. ಮ್ಯಾರಥಾನ್ 14 ದಿನ, ಸ್ಪ್ರಿಂಟ್ 3 ದಿನ. ಯಾವ ಆಟಕ್ಕೆ ಯಾವ ಪ್ರಾಜೆಕ್ಟ್ ಅನ್ನುವುದು ಶುರುವಾಗುವ ಸ್ವಲ್ಪ ದಿನ ಮುಂಚೆಯಷ್ಟೇ ಗೊತ್ತಾಗುತ್ತದೆ. ಆಮೇಲೆ ನೋಡಬೇಕು ತಮಾಷೆ. ಅಟ್ಟದ ಮೇಲಿದ್ದ ಹಳೇ ಲ್ಯಾಪ್‌ಟಾಪ್ ಕೂಡ ಕೆಳಗಿಳಿಯುತ್ತದೆ. ಯಂತ್ರಗಳನ್ನು ಮ್ಯಾರಥಾನ್‌ನಲ್ಲೇ ಬಿಡಬೇಕಾ ಸ್ಪ್ರಿಂಟ್‌ಗೆ ತಿರುಗಿಸಬೇಕಾ ಅಂತ ತಂಡದವರು ರಾತ್ರಿ ಕೂತು ಲೆಕ್ಕ ಹಾಕುತ್ತಾರೆ, ಎದುರಾಳಿಗಳಿಗೆ ಗೊತ್ತಾಗದ ಹಾಗೆ.

ಇಲ್ಲೊಂದು ಕುತಂತ್ರವೂ ಇದೆ. ಬಂಕರಿಂಗ್ ಅನ್ನುತ್ತಾರೆ. ಓಟ ಶುರುವಾಗುವ ಮುಂಚೆಯೇ ರಾಶಿ ಕೆಲಸ ಇಳಿಸಿಕೊಂಡು, ನೆಟ್ ತೆಗೆದು, ಉತ್ತರಗಳನ್ನು ಬಚ್ಚಿಟ್ಟು, ಸಮಯ ನೋಡಿ ಒಟ್ಟಿಗೆ ಸುರಿಯುವುದು. ಆಟದ ನಿಯಮದಲ್ಲಿ ಇದಕ್ಕೆ ಜಾಗ ಇದೆ, ಬಹಳ ಜನಕ್ಕೆ ಅದೇ ಮಜಾ. ನನಗೆ ಅಷ್ಟು ಹಿಡಿಸಲ್ಲ. ವಿಜ್ಞಾನಿಗೆ ಇವತ್ತು ಸಿಗಬೇಕಾದ ಉತ್ತರ ನಿಮ್ಮ ಡಿಸ್ಕ್‌ನಲ್ಲಿ ಕೂತಿರುತ್ತದೆ, ಆಮೇಲೆ ಎಲ್ಲರೂ ಒಂದೇ ಗಂಟೆಯಲ್ಲಿ ಕಳಿಸಲು ಹೋದರೆ ಸರ್ವರ್ ಉಸಿರುಗಟ್ಟುತ್ತದೆ.

ಇದಕ್ಕೆ ಪೈಪೋಟಿಯನ್ನು ಬೈಯುವ ಬದಲು ಅಂಕ ಕೊಡುವ ರೀತಿಯನ್ನು ನೋಡಬೇಕು ಅನ್ನುವುದು ನನ್ನ ವಾದ. ಪ್ರೋಟೀನ್ ಮಡಚಿಕೊಳ್ಳುವುದನ್ನು ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್ ತೆಗೆದುಕೊಳ್ಳಿ. ಅಲ್ಲಿ ಒಂದು ಚೂರು ಮುಗಿಯದೆ ಅದರ ಮುಂದಿನ ಚೂರು ಹುಟ್ಟುವುದೇ ಇಲ್ಲ. ಹಾಗಾಗಿ ಬೇಗ ವಾಪಸ್ ಕೊಟ್ಟಷ್ಟೂ ಬೋನಸ್ ಜಾಸ್ತಿ. ತೆಗೆದುಕೊಂಡ ಕೆಲಸದಲ್ಲಿ ಶೇಕಡಾ 80 ಆದರೂ ಸರಿಯಾಗಿ ಮುಗಿಸಿರದಿದ್ದರೆ ಆ ಬೋನಸ್ ಇಲ್ಲ. ಅಲ್ಲಿ ಬಚ್ಚಿಟ್ಟವನು ತಾನೇ ಸೋಲುತ್ತಾನೆ. ಅಂಕದ ಹಿಂದೆ ಬಿದ್ದವನೂ ವಿಜ್ಞಾನಿಗೆ ಬೇಕಾದ್ದನ್ನೇ ಮಾಡುತ್ತಾನೆ. 2020ರ ಮಾರ್ಚ್‌ನಲ್ಲಿ ಕೊರೋನಾ ಪ್ರೋಟೀನ್‌ಗಳ ಕೆಲಸಕ್ಕೆ ಗೇಮಿಂಗ್ ತಂಡಗಳೂ ಸೇರಿದಂತೆ ಜನ ನುಗ್ಗಿದ್ದು ಹೇಗಿತ್ತೆಂದರೆ ಹಂಚಲು ಕೆಲಸವೇ ಸಾಲದೆ ಎಷ್ಟೋ ಕಂಪ್ಯೂಟರ್‌ಗಳು ಕಾಯುತ್ತಾ ಕೂತವು!

ಮೋಸ ಮಾಡಲ್ವಾ ಅಂತಲೂ ಕೇಳುತ್ತಾರೆ. ಮಾಡಿದ್ದಾರೆ. ಸೆಟಿಯ ಹಳೇ ದಿನಗಳಲ್ಲಿ ಸುಳ್ಳು ಉತ್ತರ ಕಳಿಸಿ ಪಟ್ಟಿ ಏರಲು ನೋಡಿದವರಿದ್ದರು. ಈಗ ಬಹಳ ಪ್ರಾಜೆಕ್ಟ್‌ಗಳು ಒಂದೇ ಚೂರನ್ನು ಇಬ್ಬರಿಗೆ ಕೊಡುತ್ತವೆ, ಇಬ್ಬರ ಉತ್ತರವೂ ಹೊಂದಿದರೆ ಮಾತ್ರ ಅಂಕ. ಐನ್‌ಸ್ಟೈನ್ ಅಟ್ ಹೋಮ್ ಅನ್ನೋ ಪ್ರಾಜೆಕ್ಟ್ 2010ರಲ್ಲಿ ಹೊಸ ಪಲ್ಸಾರ್ ಒಂದನ್ನು, ಅಂದರೆ ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರವನ್ನು, ಹಿಡಿದಾಗ ಅದು ಅಮೆರಿಕದ ಅಯೋವಾದ ದಂಪತಿಯ ಕಂಪ್ಯೂಟರ್‌ನಲ್ಲೂ ಜರ್ಮನಿಯ ಒಬ್ಬರ ಕಂಪ್ಯೂಟರ್‌ನಲ್ಲೂ ಕಂಡಿತ್ತು, ಹೆಸರು ಎಲ್ಲರಿಗೂ ಬಂತು. ಅಂದರೆ ಪಟ್ಟಿಯಲ್ಲಿ ನೀವು ಹಿಂದೆ ಹಾಕಬೇಕು ಅಂತಿರುವ ತಂಡದವನೇ ನಿಮ್ಮ ಉತ್ತರ ಸರಿ ಅಂತ ಸಾಕ್ಷಿ ಹೇಳುವವನೂ ಆಗಿರಬಹುದು. ಜಗಳ ಆಡುವುದು ಹೇಗೆ?

ಒಂದು ದೂರು ಮಾತ್ರ ಒಪ್ಪುತ್ತೇನೆ. ಎಲ್ಲ ಪ್ರಾಜೆಕ್ಟ್‌ಗಳೂ ಒಂದೇ ತಕ್ಕಡಿಯಲ್ಲಿ ಅಂಕ ತೂಗುವುದಿಲ್ಲ, ಕೆಲವು ಧಾರಾಳಿ, ಕೆಲವು ಜಿಪುಣ. ಒಟ್ಟು ಅಂಕದ ಪಟ್ಟಿಯೇ ಮುಖ್ಯ ಅಂದುಕೊಂಡವರು ಧಾರಾಳಿಗಳ ಕಡೆಗೇ ವಾಲುತ್ತಾರೆ. ಅದಕ್ಕೇ ಒಂದೊಂದೇ ಪ್ರಾಜೆಕ್ಟ್ ಹಿಡಿದು ನಡೆಯುವ ಓಟಗಳು ನನಗೆ ಇಷ್ಟ.

ನಾವೂ ಸೇರಬಹುದಾ ಅಂದರೆ, ಖಂಡಿತ. ಆದರೆ ಕರೆಂಟ್ ಬಿಲ್ ನೋಡಿಕೊಳ್ಳಿ. 300 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್ ದಿನವಿಡೀ ಓಡಿದರೆ ಏಳು ಯೂನಿಟ್ ಮೇಲೆ, ಮ್ಯಾರಥಾನ್ ಪೂರ್ತಿಗೆ ನೂರು ಯೂನಿಟ್. ಅಷ್ಟೂ ಕರೆಂಟು ಕೊನೆಗೆ ಕೋಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಜರ್ಮನಿಯವರಿಗೆ ಮೇ ತಿಂಗಳಲ್ಲಿ ಕಿಟಕಿ ತೆರೆದರೆ ಸಾಕು. ಕಲಬುರಗಿಯಲ್ಲಿ ಕೂತವರು ಮಧ್ಯಾಹ್ನ ನಿಲ್ಲಿಸಿ, ರಾತ್ರಿ ಮಾತ್ರ ಓಡುವ ಹಾಗೆ ಸೆಟ್ಟಿಂಗ್ಸ್‌ನಲ್ಲೇ ಸಮಯ ಹಾಕಿಡಿ.