ಕೊಂಬು ನಿಲ್ಲದ ಬಸವ

ಗಾಜು ಕರಗಿಸಿ ಬಸವನ ಆಕಾರದ ಮಣಿ ಮಾಡೋಕೆ ಹೊರಟಿದ್ದೇನೆ. 23ನೇ ಬಸವನ ಎಡಗೊಂಬು ನಿನ್ನೆ ರಾತ್ರಿ ಟಿಣ್ ಅಂತ ಹಾರಿ ಮೇಜಿನ ಕೆಳಗೆ ಬಿತ್ತು. ಬಿಸಿ ಮಣಿಯನ್ನು ನಿಧಾನವಾಗಿ ಆರಿಸುವ ಗೂಡು, ಅಂದರೆ ಕಿಲ್ನ್, ಅದರ ಬಾಗಿಲು ಕೈಗೆಟುಕುವಷ್ಟು ಹತ್ತಿರ ಇತ್ತು. ಇನ್ನು ಐದು ಸೆಕೆಂಡು ತಡೆದಿದ್ದರೆ ಸಾಕಿತ್ತು. ಇದೂ ಸೇರಿ ಕೊಂಬು ಕಳೆದುಕೊಂಡ ಬಸವಗಳು 14. ಮೂರರ ಡುಬ್ಬ ಬಿರುಕು ಬಿಟ್ಟಿದೆ. ಐದು ಒಡೆಯದೆ ಉಳಿದಿವೆ, ಆದರೆ ಕೊಂಬು ಕರಗಿ ಮೊಂಡಾಗಿದೆ. ಒಂದರ ಮುಖ ಥೇಟ್ ಹಂದಿ. ಅದನ್ನು ಅಮ್ಮ ಇಷ್ಟಪಟ್ಟು ಎತ್ತಿಟ್ಟುಕೊಂಡಿದ್ದಾರೆ.

ನಾನು ಓದಿದ್ದು ಪೇಂಟಿಂಗ್. ಕೊನೇ ವರ್ಷ ಐದಡಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಕೋಲೆ ಬಸವನನ್ನು ಬರೆದಿದ್ದೆ. ಚಿತ್ರಸಂತೆಗೂ ಒಯ್ದೆ. ಜನ ಅದರ ಮುಂದೆ ನಿಂತು ಸೆಲ್ಫಿ ತಗೊಂಡರು, ಯಾರೂ ಕೊಳ್ಳಲಿಲ್ಲ. ಈಗ ಅದು ಮಂಚದ ಹಿಂದಿದೆ. ಆಮೇಲೆ ಒಂದಿನ ಉತ್ತರ ಆಫ್ರಿಕಾದ ಹಳೇ ಪಟ್ಟಣ ಕಾರ್ತೇಜಿನಲ್ಲಿ ಸಿಕ್ಕ, ಫಿನೀಶಿಯನ್ನರೆಂಬ ಪ್ರಾಚೀನ ಕಡಲ ವ್ಯಾಪಾರಿಗಳ ಗಾಜಿನ ಮಣಿಯ ಫೋಟೋ ನೋಡಿದೆ. ಎರಡು ಸಾವಿರ ವರ್ಷಕ್ಕೂ ಹಳೇದು, ಗಡ್ಡದ ಗಂಡಸಿನ ತಲೆ. ಗಡ್ಡದ ಒಂದೊಂದು ಗುಂಗುರೂ ಬೇರೆ ಬೇರೆಯಾಗಿ ಅಂಟಿಸಿದ ಗಾಜು. ಕಣ್ಣು ಅಂದರೆ ಬಿಳಿ ಚುಕ್ಕೆ, ಅದರ ಮೇಲೆ ಕಡುಬಣ್ಣದ ಚುಕ್ಕೆ, ಅಷ್ಟೇ. ಆದರೂ ಆ ಮನುಷ್ಯ ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದ. ಐದಡಿಯಲ್ಲಿ ನನಗೆ ಆಗದ ಕೆಲಸ ಅದು!

ಗಾಜು ಕರಗಿಸುವ ಗ್ಯಾಸ್ ಟಾರ್ಚ್ ಕೊಂಡೆ. ಅದರ ಉರಿಗೆ ಆಕ್ಸಿಜನ್ ಬೇಕು. ಕೋವಿಡ್ ಸಮಯದಲ್ಲಿ ದೊಡ್ಡಪ್ಪನಿಗೆಂದು ತಂದಿದ್ದ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಅಟ್ಟದ ಮೇಲೆ ಧೂಳು ಹಿಡಿಯುತ್ತಿತ್ತು, ಕೇಳಿದೆ, ಕೊಟ್ಟರು. ಕರಗಿಸುವ ಗಾಜಿನ ಕಡ್ಡಿಗಳು ಇಟಲಿಯ ಎಫೆತ್ರೆ ಕಂಪನಿಯವು. ಮೊದಲು ಆನ್‌ಲೈನಿನಲ್ಲಿ ಸಿಕ್ಕ ಯಾವುದೋ ಕಡ್ಡಿಯನ್ನು ಇದರ ಜೊತೆ ಬೆರೆಸಿಬಿಟ್ಟಿದ್ದೆ. ಬಿಸಿಗೆ ಹಿಗ್ಗುವ ಲೆಕ್ಕ ಎರಡು ಗಾಜಿಗೂ ಒಂದೇ ಇರಬೇಕು, ಇಲ್ಲದಿದ್ದರೆ ಆರುವಾಗ ಒಂದನ್ನೊಂದು ಸೀಳುತ್ತವೆ. ಬೆಳಗ್ಗೆ ನೋಡಿದರೆ ಮಣಿ ಎರಡು ಹೋಳು. ಎಫೆತ್ರೆ ಹಿಗ್ಗುವ ಲೆಕ್ಕದ ಅಂಕಿ 104, ಈಗ ಕಡ್ಡಿ ಡಬ್ಬಿಗಳ ಮೇಲೆಲ್ಲ ಅದನ್ನು ದಪ್ಪಗೆ ಬರೆದಿಟ್ಟಿದ್ದೇನೆ.

ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಚ್ಚುವುದನ್ನು ನೋಡಿದ್ದೀರಾ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಇದೂ ಹೆಚ್ಚುಕಡಿಮೆ ಅದೇ, ಬೆಂಕಿ ಮಾತ್ರ ಹೊರಗಿನದು. ಮಣ್ಣಿನ ಲೇಪ ಬಳಿದ ಉಕ್ಕಿನ ಕಡ್ಡಿಯನ್ನು ಎಡಗೈಲಿ ತಿರುಗಿಸುತ್ತಾ ಬಲಗೈಲಿ ಕರಗಿದ ಗಾಜು ಸುತ್ತಬೇಕು. ತಿರುಗಿಸುವುದು ನಿಂತರೆ ಗಾಜು ಜೋತುಬೀಳುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಮೊದಲ ಎರಡು ತಿಂಗಳು ನಾನು ಕಲಿತಿದ್ದು ಸುಮ್ನೆ ತಿರುಗಿಸುವುದು, ಅಷ್ಟೇ.

ಬಣ್ಣದ ವಿಷಯದಲ್ಲಿ ನಾನು ಜಾಣೆ ಅಂದುಕೊಂಡಿದ್ದೆ. ಉರಿಯಲ್ಲಿ ಕೆಂಪು ಗಾಜು ಕಪ್ಪಗೆ ಕಾಣುತ್ತದೆ, ಆರಿದ ಮೇಲೇ ಕೆಂಪು. ಬಿಸಿ ಗಾಜಿನ ಸೋಡಿಯಮ್ಮಿನಿಂದ ಏಳುವ ಹಳದಿ ಉರಿಯನ್ನು ತಡೆಯುವ ಡಿಡಿಮಿಯಮ್ ಕನ್ನಡಕ ಹಾಕಿಕೊಂಡರೆ ಗಾಜೇನೋ ಕಾಣುತ್ತದೆ, ಬಣ್ಣ ಮಾತ್ರ ನೆನಪಿನ ಮೇಲೇ ಹಾಕಬೇಕು.

ಮತ್ತೆ ಕೊಂಬಿಗೆ ಬರುತ್ತೇನೆ. ಮಣಿಯ ಮೈ ದಪ್ಪ, ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಕೊಂಬು ಸಣ್ಣ, ಬೇಗ ಆರಿ ಕುಗ್ಗುತ್ತದೆ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಸೇರಿದ ಜಾಗದಲ್ಲಿ ಬಿಡುತ್ತದೆ. ಆರಿದ ಕೊಂಬನ್ನು ಗಾಬರಿಯಿಂದ ಸೀದಾ ಉರಿಗೆ ಹಿಡಿದರೆ ಇನ್ನೂ ಬೇಗ ಸಿಡಿಯುತ್ತದೆ. ಅದಕ್ಕೇ ಹತ್ತು ಸೆಕೆಂಡಿಗೊಮ್ಮೆ ಉರಿಯ ಅಂಚಿನಲ್ಲಿ ಆಡಿಸುತ್ತಿರಬೇಕು. ಆಡಿಸಿದ್ದು ಜಾಸ್ತಿಯಾದರೆ ಮೊಂಡು ಕೊಂಬು. ನಾನು ಬೇರೆ ಹಳ್ಳಿಕಾರ್ ಕೊಂಬೇ ಬೇಕು ಅಂತ ಹಠ ಹಿಡಿದಿದ್ದೇನೆ. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗುವಂಥದ್ದು.

ನಿನ್ನೆ ಕೊಂಬು ಹುಡುಕುತ್ತಾ ಮೇಜಿನ ಕೆಳಗೆ ಕೂತಾಗ ಮಂಚದ ಹಿಂದಿನ ಕ್ಯಾನ್ವಾಸಿನ ಅಂಚು ಕಾಣಿಸಿತು. ಅದರಲ್ಲಿ ನಾನು ಎಲ್ಲಕ್ಕಿಂತ ಮೊದಲು ಎಳೆದದ್ದು ಕೊಂಬು. ಅದು ಸರಿಯಾದರೆ ಬಸವ ಬಂದ ಹಾಗೆ ಅಂತ. ಗಾಜಿನಲ್ಲೂ ಅದನ್ನೇ ಮಾಡುತ್ತಿದ್ದೇನಲ್ವಾ! ಕೊಂಬು ಮೊದಲು, ಆಮೇಲೆ ಕಣ್ಣು, ಮೂಗು, ಗಂಗೆದೊಗಲು, ಜೂಲು. ಅಷ್ಟೂ ಹೊತ್ತು ಆ ಎರಡು ಎಳೆಗಳು ಗಾಳಿಗೆ ನಿಂತಿರುತ್ತವೆ.

ಇವತ್ತು ಉಲ್ಟಾ ಮಾಡಿದೆ. ಮೈ, ಡುಬ್ಬ, ಗಂಗೆದೊಗಲು, ಕಣ್ಣು, ಜೂಲು, ಕೊನೆಗೆ ಕೊಂಬು. ಬುಡ ದಪ್ಪ ಇಟ್ಟೆ. ಸೇರಿದ ಕಡೆ ಸಂದು ಉಳಿಯದಂತೆ ಪೂರ್ತಿ ಕರಗಿಸಿ ಕೂಡಿಸಿದೆ, ಯಾಕೆಂದರೆ ಬಿರುಕು ಶುರುವಾಗುವುದೇ ಆ ಚೂಪು ಸಂದಿನಿಂದ. ತುದಿ ಬಾಗಿಸಿ ಒಂದು ಸಲ ಉರಿ ತೋರಿಸಿ ಸೀದಾ ಕಿಲ್ನ್‌ಗೆ. 510 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಗಂಟೆಗೆ 60 ಡಿಗ್ರಿಯಂತೆ 370ರವರೆಗೆ ಇಳಿಸಿ ಆಫ್ ಮಾಡಿದೆ.

ಈಗಷ್ಟೇ ತೆಗೆದೆ. ಎರಡೂ ಕೊಂಬು ಇವೆ. ಉಗುರಲ್ಲಿ ತಟ್ಟಿಯೂ ನೋಡಿದೆ. ಎಡಗಡೆಯದು ಬಲಗಡೆಗಿಂತ ಒಂದು ಅಕ್ಕಿಕಾಳಿನಷ್ಟು ಗಿಡ್ಡ. ಜೂಲಿನ ನೀಲಿಹಸಿರು ದಂತದ ಬಣ್ಣಕ್ಕೆ ತಾಗಿದ ಕಡೆಯೆಲ್ಲ ಕಪ್ಪು ಗೆರೆ ಎದ್ದಿದೆ. ಒಂದರಲ್ಲಿ ತಾಮ್ರ, ಇನ್ನೊಂದರಲ್ಲಿ ಗಂಧಕ, ಸೇರಿದರೆ ಹೀಗೇ. ಗೊತ್ತಿದ್ದೂ ಕೊಂಬಿನ ಧ್ಯಾನದಲ್ಲಿ ಮರೆತೆ. ಗೆರೆ ನೋಡೋಕೆ ಚೆನ್ನಾಗೇ ಇದೆ, ಮಸಿಯಲ್ಲಿ ಎಳೆದ ಹಾಗೆ. ಅಮ್ಮನಿಗೆ ತೋರಿಸಿದೆ. ಹಂದಿಯೇ ಚೆನ್ನಾಗಿತ್ತು ಅಂದರು.